ಉದ್ಯಮಗಳ ಸಾಮಾಜಿಕ ಹೊಣೆ: ಧ್ಯೇಯದ ವಿಮರ್ಶೆ

ಉದ್ಯಮವು ಸಮಾಜದ ನಡುವೆ ಹುಟ್ಟಿ, ಅದರ ನೆಲ, ನೀರು, ದುಡಿಮೆಗಳನ್ನುಂಡು ಬೆಳೆಯುವ ಸಂಸ್ಥೆ. ಆದುದರಿಂದ ಅದಕ್ಕೆ ಸಮಾಜದ ಋಣವುಂಟೆಂಬುದನ್ನು ಇಂದು ಯಾರೂ ಅಲ್ಲಗಳೆಯರು. ಆದರೆ ಆ ಋಣ ತೀರಬೇಕಾದುದು ಲಾಭವನ್ನು ಗಳಿಸುವ ರೀತಿಯಲ್ಲೋ, ಗಳಿಸಿದ ಲಾಭದ ಒಂದಂಶವನ್ನು ಹಂಚುವ ರೀತಿಯಲ್ಲೋ? ಈ ಪ್ರಶ್ನೆ ಇತ್ಯರ್ಥವಾಗದೆ ಹೊಣೆಗಾರಿಕೆಯ ಧ್ಯೇಯಗಳನ್ನು ಕುರಿತು ಎಷ್ಟು ಬರೆದರೂ ಅದು ಅಡಿಪಾಯವಿಲ್ಲದ ಗೋಡೆಯಾದೀತು.

ಈ ವಿಚಾರವನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದವರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಹೊವಾರ್ಡ್ ಬೋವೆನ್ ಪ್ರಮುಖನು. 1953ರಲ್ಲಿ ಪ್ರಕಟವಾದ ಅವನ ಗ್ರಂಥದಂತೆ, ಸಮಾಜದ ಮೌಲ್ಯಗಳಿಗೆ ಒಪ್ಪುವ ನೀತಿಗಳನ್ನೂ ನಿರ್ಣಯಗಳನ್ನೂ ವ್ಯವಹಾರದಲ್ಲಿ ಕೈಕೊಳ್ಳುವುದೇ ಹೊಣೆ. 1970ರಲ್ಲಿ ಮಿಲ್ಟನ್ ಫ್ರೀಡ್‌ಮನ್ ಈ ವಿಚಾರಧಾರೆಯನ್ನು ಖಂಡಿಸಿ, ವ್ಯವಸ್ಥಾಪಕನು ಶೇರುದಾರರ ಹಣದಿಂದ ಪರೋಪಕಾರ ಮಾಡಹೊರಡುವುದು ಸಲ್ಲದೆಂದು ವಾದಿಸಿದನು. ಈ ವಾದದಲ್ಲಿ ಹುರುಳಿದೆ. ಆದರೆ ಅದು ತಾಗುವುದು ಹಂಚಿಕೆಗೇ ಹೊರತು ಗಳಿಕೆಗಲ್ಲ. ವಂಚನೆಯಿಲ್ಲದೆ, ಕಟ್ಟಳೆಯೊಳಗೆ ಗಳಿಸಬೇಕೆಂಬುದನ್ನು ಅವನೂ ಒಪ್ಪಿದ್ದಾನೆ. ಗಾಂಧೀಜಿಯವರ ಧರ್ಮದರ್ಶಿತ್ವದ ಕಲ್ಪನೆ ಇನ್ನೂ ಆಳವಾದುದು. ಅದರಂತೆ ಧನಿಕನು ಸಮಾಜದ ಪರವಾಗಿ ಸಂಪತ್ತನ್ನು ಕಾಯುವವನು. ಅವನು ಲೆಕ್ಕ ಒಪ್ಪಿಸಬೇಕಾದುದು ಇಡೀ ಸಂಪತ್ತಿಗೆ.

ಭಾರತದ 2013ರ ಕಂಪನಿ ಕಾಯಿದೆಯ 135ನೆಯ ಕಲಮು ಬೇರೆ ದಾರಿ ಹಿಡಿಯಿತು. 500 ಕೋಟಿ ರೂಪಾಯಿಗಳ ನಿವ್ವಳ ಸಂಪತ್ತು, 1000 ಕೋಟಿಯ ವಹಿವಾಟು, 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕೆಂದು ಅದು ವಿಧಿಸಿತು. ಶಿಕ್ಷಣ, ಆರೋಗ್ಯ, ಪರಿಸರ, ಗ್ರಾಮಾಭಿವೃದ್ಧಿ ಮೊದಲಾದ ಕಾರ್ಯಗಳನ್ನು ಏಳನೆಯ ಅನುಸೂಚಿಯಲ್ಲಿ ಪಟ್ಟಿಮಾಡಲಾಯಿತು. 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮದಲ್ಲಿ ಮೊದಲು, ವೆಚ್ಚ ಮಾಡದವರು ಕಾರಣ ತಿಳಿಸಿದರೆ ಸಾಕಾಗಿತ್ತು. 2021ರಿಂದ ಉಳಿಕೆ ಹಣವನ್ನು ಪ್ರತ್ಯೇಕ ಖಾತೆಗೋ ಅನುಸೂಚಿಯಲ್ಲಿ ಹೆಸರಿಸಿದ ನಿಧಿಗಳಿಗೋ ವರ್ಗಾಯಿಸಬೇಕಾಯಿತು. ತಪ್ಪಿದರೆ ದಂಡವೂ ಬಂದಿತು. ಇದರಿಂದ ಶಾಲೆಗಳಿಗೂ ಚಿಕಿತ್ಸಾಲಯಗಳಿಗೂ ನೆರವು ದೊರೆತಿರುವುದು ಸುಳ್ಳಲ್ಲ. ಆದರೆ ನೈತಿಕ ಹೊಣೆಯೊಂದು ಹೀಗೆ ತೆರಿಗೆಯ ರೂಪವನ್ನು ತಾಳಿತು. ತೆರಿಗೆ ಕಟ್ಟಿದವನ ಮನಸ್ಸು ಹಗುರಾಗುವುದು ಸಹಜ. ಶೇಕಡಾ 2ರ ಲೆಕ್ಕ ಮುಗಿದೊಡನೆ ಉಳಿದ 98ನ್ನು ಕುರಿತು ಕೇಳುವವರು ವಿರಳ.

ಈ ಕಲಮಿನ ಕೊರತೆ ಎದ್ದು ಕಾಣುವುದು ಚರಿತ್ರೆಯ ಬೆಳಕಿನಲ್ಲಿ. ಜಮ್‌ಶೇಡ್‌ಪುರದ ಟಾಟಾ ಉಕ್ಕಿನ ಕಾರಖಾನೆ 1912ರಲ್ಲಿ ದಿನಕ್ಕೆ ಎಂಟು ಗಂಟೆಗಳ ದುಡಿಮೆಯನ್ನೂ 1915ರಲ್ಲಿ ಉಚಿತ ವೈದ್ಯಕೀಯ ನೆರವನ್ನೂ 1920ರಲ್ಲಿ ಭವಿಷ್ಯನಿಧಿಯನ್ನೂ ಜಾರಿಗೆ ತಂದಿತು. ನೌಕರರ ಭವಿಷ್ಯನಿಧಿಯ ಕಾಯಿದೆ ದೇಶದಲ್ಲಿ ಬಂದುದು 1952ರಲ್ಲಿ. ಇಂಥ ಮುನ್ನಡೆ ಇಂದು 135ನೆಯ ಕಲಮಿನ ಲೆಕ್ಕಕ್ಕೆ ಸೇರಲಾರದು. ಏಕೆಂದರೆ ಸ್ವಂತ ನೌಕರರ ಹಿತಕ್ಕಾಗಿ ಮಾಡಿದ ವೆಚ್ಚವನ್ನು ನಿಯಮಗಳು ಹೊರಗಿಟ್ಟಿವೆ. ಕೊಡಲೇಬೇಕಾದ ಸವಲತ್ತನ್ನೇ ಕಂಪನಿ ದಾನದ ಖಾತೆಗೆ ಬರೆದುಕೊಳ್ಳಬಾರದೆಂಬ ಎಚ್ಚರ ಯೋಗ್ಯವಾದುದೇ. ಆದರೂ ಪರಿಣಾಮ ವಿಚಿತ್ರ. ಕಾರಖಾನೆಯ ಗೋಡೆಯೊಳಗಿನ ನ್ಯಾಯ ಲೆಕ್ಕದಿಂದ ಜಾರಿಹೋಗಿ, ಗೋಡೆಯಾಚೆಯ ಉಪಕಾರ ಮಾತ್ರ ಹೊಣೆಯೆನಿಸಿತು.

ಗೋಡೆಯೊಳಗಿನ ಅಲಕ್ಷ್ಯ ಗೋಡೆಯನ್ನು ದಾಟಿದರೆ ಏನಾಗುವುದೆಂಬುದನ್ನು ಭೋಪಾಲ ತೋರಿಸಿದೆ. 1984ರ ಡಿಸೆಂಬರ್ 2-3ರ ರಾತ್ರಿ ಅಲ್ಲಿಯ ಯೂನಿಯನ್ ಕಾರ್ಬೈಡ್ ಕಾರಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಮಡಿದರು. ರಾಸಾಯನಿಕದ ತೊಟ್ಟಿಯನ್ನು ತಂಪಾಗಿಡಬೇಕಾದ ಯಂತ್ರವನ್ನು ಕೆಲವು ತಿಂಗಳ ಮೊದಲೇ ನಿಲ್ಲಿಸಲಾಗಿತ್ತು. ಆ ಯಂತ್ರವನ್ನು ನಡೆಸುವ ವೆಚ್ಚವೇ ಆ ಸಂಸ್ಥೆಯ ನಿಜವಾದ ಸಾಮಾಜಿಕ ಹೊಣೆಯಾಗಿತ್ತು. ಮುಂದೆ ಅನಿಲಪೀಡಿತರಿಗಾಗಿ ಆಸ್ಪತ್ರೆಯೇನೋ ಎದ್ದಿತು, ಸತ್ತವರು ಏಳಲಿಲ್ಲ.

ವಿಶೇಷವೆಂದರೆ, ಪರಿಹಾರದ ಸೂತ್ರ ಅದೇ ಕಾಯಿದೆಯಲ್ಲಿದೆ. ನಿರ್ದೇಶಕನು ಕಂಪನಿ, ನೌಕರರು, ಶೇರುದಾರರು, ಸಮುದಾಯ ಇವರ ಹಿತವನ್ನೂ ಪರಿಸರದ ರಕ್ಷಣೆಯನ್ನೂ ಲಕ್ಷ್ಯದಲ್ಲಿರಿಸಿ ಸದ್ಭಾವದಿಂದ ವರ್ತಿಸಬೇಕೆಂದು 166ನೆಯ ಕಲಮು ಹೇಳುತ್ತದೆ. ಇಲ್ಲಿ ಶೇಕಡಾವಾರು ಇಲ್ಲ; ಪ್ರತಿಯೊಂದು ನಿರ್ಣಯವೂ ಈ ಕಟ್ಟಿಗೆ ಒಳಪಟ್ಟಿದೆ. ಆದರೂ ಸಭೆಗಳಲ್ಲಿ ಮೆರೆಯುವುದು 135; 166 ಮೂಲೆ ಸೇರಿದೆ. ಮಾರುಕಟ್ಟೆ ಮೌಲ್ಯದಲ್ಲಿ ಮುಂದಿರುವ 1000 ಕಂಪನಿಗಳಿಗೆ ಸೆಬಿಯು 2022-23ರಿಂದ ಕಡ್ಡಾಯಮಾಡಿದ ವರದಿ ನೀರು, ತ್ಯಾಜ್ಯ, ವೇತನ, ಸುರಕ್ಷತೆಗಳ ವಿವರ ಕೇಳುವುದರಿಂದ, ಅದನ್ನು ಸರಿಯಾದ ದಿಕ್ಕಿನ ಹೆಜ್ಜೆಯೆನ್ನಬೇಕು.

ಕನ್ನಡಿಗರಿಗೆ ಈ ವಿವೇಕ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಅದನ್ನು ತಂದಲ್ಲಿಯೇ ಸುರಿದು ಬರಹೇಳಿದಳೆಂಬ ಕಥೆ ಪ್ರಸಿದ್ಧ. ಹೆಚ್ಚಿನ ಅಕ್ಕಿಯಿಂದ ಇನ್ನಷ್ಟು ಜಂಗಮರಿಗೆ ಉಣಬಡಿಸಬಹುದಾಗಿತ್ತು. ಆದರೂ ಆಕೆ ಮೊದಲು ನೋಡಿದುದು ಕಾಯಕದ ಶುದ್ಧಿಯನ್ನು. ಶರಣರ ಮನೆಯನ್ನೂ ಇಂದಿನ ಕಂಪನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಲಾಭವಿಲ್ಲದೆ ಕಂಪನಿ ಬಾಳದು. ಪ್ರಶ್ನೆಯ ಕ್ರಮ ಮಾತ್ರ ಎರಡು ಕಡೆಯೂ ಒಂದೇ: ಮೊದಲು ತಂದುದು ಹೇಗೆ, ಆಮೇಲೆ ಕೊಟ್ಟುದು ಎಷ್ಟು.

ಆದುದರಿಂದ 135ನೆಯ ಕಲಮನ್ನು ಕಿತ್ತೊಗೆಯಬೇಕಾಗಿಲ್ಲ. 166ರ ಅಧೀನದಲ್ಲಿರಿಸಿ ಅದನ್ನು ಓದಬೇಕು. ಕಂಪನಿಯ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡವನು ದೇಣಿಗೆಯ ಪುಟಕ್ಕಿಂತ ಮೊದಲು ವೇತನ, ಅಪಘಾತ, ತ್ಯಾಜ್ಯಗಳ ಪುಟಗಳನ್ನು ತಿರುವಿಹಾಕುವುದು ಒಳಿತು. ಅಲ್ಲಿ ಸಮಾಧಾನ ದೊರೆತರೆ ದೇಣಿಗೆಯನ್ನು ಮನಸಾರೆ ಮೆಚ್ಚಬಹುದು. ದೊರೆಯದಿದ್ದರೆ ಆ ದೇಣಿಗೆ ಹೊಣೆಯಿಂದ ನುಣುಚಿಕೊಂಡುದಕ್ಕೆ ತೆತ್ತ ಅಗ್ಗದ ಬೆಲೆಯೆಂದೇ ತಿಳಿಯಬೇಕಾಗುತ್ತದೆ.