ಸಾಲೋಟಗಿಯ ಕಂಬವೂ ಜಮಖಂಡಿಯ ಫಲಕವೂ

ವಿಮರ್ಶೆಯೆಂದರೆ ಕಾವ್ಯನಾಟಕಗಳ ಗುಣದೋಷಗಳನ್ನು ತೂಗುವದೆಂದು ರೂಢಿ. ಆದರೆ ಬರೆದ ಮಾತು ಎಲ್ಲಿ ಜನರ ಬಾಳನ್ನು ಕಟ್ಟುವದೋ ಅಥವಾ ಕೆಡಿಸುವದೋ, ಅಲ್ಲೆಲ್ಲ ವಿಮರ್ಶಕನಿಗೆ ಕೆಲಸವುಂಟು. ದಾನಶಾಸನವೂ ಒಂದು ಬರಹವೇ. ಸರಕಾರದ ನಿರ್ಣಯವೂ ಒಂದು ಬರಹವೇ. ಬರೆಯಿಸಿದವರ ಮನಸ್ಸಿನಲ್ಲಿ ಏನಿತ್ತೆಂಬದು, ಆ ಮಾತು ಎಷ್ಟು ಕಾಲ ನಿಂತೀತೆಂಬದು, ಎರಡರಲ್ಲಿಯೂ ಪದಗಳಿಂದಲೇ ಗೊತ್ತಾಗುವದು. ಈ ನಂಬಿಕೆಯಿಂದ, ವಿದ್ಯೆಗೆ ಸಂಬಂಧಪಟ್ಟ ಎರಡು ಬರಹಗಳನ್ನು ಇಲ್ಲಿ ಜೊತೆಗಿಟ್ಟು ಓದಲು ಯತ್ನಿಸಿದ್ದೇನೆ. ಒಂದು, ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ದೊರೆತ ಕ್ರಿ. ಶ. 945ರ ಕಂಬದ ಶಾಸನ. ಮತ್ತೊಂದು, ರಾಜ್ಯದ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂದು 2025ರ ಫೆಬ್ರುವರಿಯಲ್ಲಿ ಬಂದ ಶಿಫಾರಸು. ಇವೆರಡರ ನಡುವೆ ಸಾವಿರದೆಂಬತ್ತು ವರುಷಗಳ ಅಂತರವಿದೆ. ಆದರೆ ಎರಡೂ ಉತ್ತರಿಸುವ ಪ್ರಶ್ನೆ ಒಂದೇ: ಓದುವವರನ್ನೂ ಓದಿಸುವವರನ್ನೂ ಸಾಕುವವರು ಯಾರು?

ಎರಡನೆಯ ಬರಹದ ಹಿನ್ನೆಲೆಯು ವಾಚಕರಿಗೆ ತಿಳಿದದ್ದೇ. ನಮ್ಮ ಜಿಲ್ಲೆಯ ಮಹಾವಿದ್ಯಾಲಯಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಹುಟ್ಟಿದ ಮೇಲೆ ಅದಕ್ಕೂ ಸೇರಿದ್ದವು. 2022-23ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಬೀದರ, ಹಾವೇರಿ, ಕೊಪ್ಪಳ, ಹಾಸನ, ಕೊಡಗು, ಚಾಮರಾಜನಗರಗಳಲ್ಲಿಯೂ ಅದೇ ಕಾಲಕ್ಕೆ ಒಂದೊಂದು ಹುಟ್ಟಿದವು. 2023ರ ಮೇ ತಿಂಗಳಲ್ಲಿ ಸರಕಾರ ಬದಲಾಯಿತು. ಬಳಿಕ ಬಂದ ಸರಕಾರದ ಮಂತ್ರಿಮಂಡಲದ ಉಪಸಮಿತಿಯು, ಹೊಸ ಹತ್ತರಲ್ಲಿ ಬೀದರದ್ದೊಂದನ್ನುಳಿದು ಮಿಕ್ಕ ಒಂಬತ್ತನ್ನು ಮುಚ್ಚುವದೇ ಲೇಸೆಂದು ಅಭಿಪ್ರಾಯಪಟ್ಟಿತು. ಹೇಳಿದ ಕಾರಣಗಳು ಮುಖ್ಯವಾಗಿ ಮೂರು: ಹಣ ಸಾಲದು, ನೆಲ ಸಾಲದು, ಸಿಬ್ಬಂದಿ ಸಾಲದು.

ಆಗ ಎದ್ದ ಲೋಕಮತವನ್ನು ಬಸ್ಸಿನಲ್ಲಿ, ಅಂಗಡಿಯ ಕಟ್ಟೆಯ ಮೇಲೆ, ಮದುವೆಯ ಪಂಕ್ತಿಯಲ್ಲಿ ನಾನು ಕೇಳಿದ್ದೇನೆ. ಅದು ಮೂರು ಬಗೆಯಾಗಿತ್ತು. "ವಿಶ್ವವಿದ್ಯಾಲಯವು ಜಿಲ್ಲೆಯ ಮಾನ, ಅದನ್ನು ಕಳಕೊಳ್ಳಬಾರದು" ಎಂದರು ಕೆಲವರು. "ಊರಿಗೊಂದು ವಿಶ್ವವಿದ್ಯಾಲಯ ಯಾತಕ್ಕೆ? ರೊಕ್ಕ ದಂಡ" ಎಂದರು ಇನ್ನು ಕೆಲವರು. "ಅವರು ಕಟ್ಟಿದರು, ಇವರು ಕೆಡವುವರು, ಎಲ್ಲ ರಾಜಕಾರಣ" ಎಂದು ಮಿಕ್ಕವರು ಕೈ ಝಾಡಿಸಿಕೊಂಡರು. ಮೂರರಲ್ಲಿಯೂ ಸತ್ಯದ ಅಂಶವುಂಟು. ಆದರೆ ಅಲ್ಲಿ ಖಾಯಂ ಅಧ್ಯಾಪಕರು ಎಷ್ಟು ಮಂದಿ, ಗ್ರಂಥಾಲಯಕ್ಕೆ ವರುಷಕ್ಕೆ ಏನು ಸಲ್ಲುವದು, ಪ್ರಯೋಗಶಾಲೆಯಲ್ಲಿ ಏನಿದೆಯೆಂದು ಕೇಳಿದವರನ್ನು ನಾನು ಕಾಣಲಿಲ್ಲ. ಹೊಗಳಿದವರೂ ತೆಗಳಿದವರೂ ಬಾಗಿಲ ಮೇಲಿನ ಫಲಕವನ್ನು ನೋಡಿ ಮಾತನಾಡಿದರಲ್ಲದೆ ಬಾಗಿಲೊಳಗೆ ಕಾಲಿಡಲಿಲ್ಲ. ನನ್ನ ಆಕ್ಷೇಪಣೆ ಇರುವದು ಇಲ್ಲಿಯೇ.

ಇನ್ನು ಮೊದಲನೆಯ ಬರಹವನ್ನು ನೋಡೋಣ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯೆಂಬ ಅಗ್ರಹಾರದಲ್ಲಿ, ಅಂದರೆ ಇಂದಿನ ಸಾಲೋಟಗಿಯಲ್ಲಿ, ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಶಾಸನದಲ್ಲಿ ರಾಜಸ್ತುತಿ ಇದ್ದೇ ಇದೆ. ಅದು ಆ ಕಾಲದ ರೂಢಿ. ಆದರೆ ಸ್ತುತಿ ಮುಗಿದ ಮೇಲೆ ಬರುವ ಭಾಗವೇ ಅದರ ಜೀವಾಳ. ವಿದ್ಯಾರ್ಥಿಗಳ ವಸತಿಗೆ 27 ಮನೆಗಳು. ಶಾಲೆಯ ನಿರ್ವಾಹಕ್ಕೆ 500 ನಿವರ್ತನ ಭೂಮಿ. ಅಧ್ಯಾಪಕನಿಗೆ 50 ನಿವರ್ತನ. ದೀಪದೆಣ್ಣೆಗೆ 12 ನಿವರ್ತನ. ಇಷ್ಟಕ್ಕೇ ನಿಲ್ಲದೆ, ಊರವರ ಮೇಲೆಯೂ ಒಂದು ಕಟ್ಟಳೆಯಿದೆ. ಮನೆಯಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರ ಕಾಲುಭಾಗ.

ಈ ಬರಹದ ಗುಣವೇನು? ಮೊದಲನೆಯದಾಗಿ, ಇದರಲ್ಲಿ ದೀಪದ ಎಣ್ಣೆ ಇದೆ. ಬರೆಯಿಸಿದವನು ಸಾಯಂಕಾಲದ ಮೇಲೆ ಓದುವ ಹುಡುಗನನ್ನು ಕಣ್ಣ ಮುಂದೆ ತಂದುಕೊಂಡಿದ್ದನೆಂಬದು ಆ ಹನ್ನೆರಡು ನಿವರ್ತನಗಳಿಂದ ತಿಳಿಯುವದು. ಎರಡನೆಯದಾಗಿ, ಕೊಟ್ಟದ್ದು ಹಣವಲ್ಲ, ಉತ್ಪನ್ನ ಬರುವ ಭೂಮಿ. ಶಾಲೆಯು ಪ್ರತಿ ವರುಷವೂ ಅರಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕಾಗಿರಲಿಲ್ಲ. ನಮ್ಮ ಹಿರಿಯರು ಇದಕ್ಕೆ ವೃತ್ತಿಯೆಂದರು, ಭಿಕ್ಷೆಯೆಂದು ಅನ್ನಲಿಲ್ಲ. ಮೂರನೆಯದಾಗಿ, ಊರಿನ ಪ್ರತಿಯೊಂದು ಮನೆಯೂ ತನ್ನ ಸಂತೋಷದ ದಿವಸ ಶಾಲೆಯನ್ನು ನೆನೆಯುವ ಹಾಗಾಯಿತು. ಐದು ನಾಣ್ಯಗಳಿಂದ ಶಾಲೆ ನಡೆಯದಿರಬಹುದು. ಆದರೆ ಐದು ನಾಣ್ಯ ಕೊಟ್ಟವನು ಮರುದಿವಸ "ಅಲ್ಲಿ ಪಾಠ ಸರಿಯಾಗಿ ನಡೆಯುವದೋ ಇಲ್ಲವೋ" ಎಂದು ಕೇಳುತ್ತಾನೆ. ಲೋಕಮತವು ಹುಟ್ಟಬೇಕಾದ ಸ್ಥಳ ಅದು.

ಹಳೆಯದನ್ನೆಲ್ಲ ಕೊಂಡಾಡುವ ಚಪಲ ನನಗಿಲ್ಲ. ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಆ ಐನೂರು ನಿವರ್ತನಗಳನ್ನು ಉತ್ತು ಬಿತ್ತಿದವರ ಮಕ್ಕಳು ಅದರೊಳಗೆ ಕುಳಿತು ಓದಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರವೇ. ಜಮಖಂಡಿಯ ಬಾಗಿಲು ಅದಕ್ಕಿಂತ ದೊಡ್ಡದು. ಬೆಳಗಾವಿಗೆ ಕಳಿಸಲೊಲ್ಲದ ತಂದೆತಾಯಿಗಳು, ಸಂಜೆಯ ಬಸ್ಸಿಗೆ ಮನೆಗೆ ಬರುವಳೆಂಬ ಧೈರ್ಯದಿಂದ ಮಗಳನ್ನು ಸಮೀಪದ ಊರಿಗೆ ಎಂ. ಎ., ಎಂ. ಎಸ್‌ಸಿ. ಓದಲು ಕಳಿಸುವರು. ಈ ಮಾತನ್ನು ಪುಸ್ತಕ ನೋಡಿ ಹೇಳುವದಿಲ್ಲ; ಶಾಲೆಯಲ್ಲಿ ಬಹು ವರುಷ ಕಲಿಸಿದವನಾಗಿ, ಮುಂದೆ ಓದಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳು ದೂರದ ಕಾರಣದಿಂದಲೇ ನಿಂತುಹೋದದ್ದನ್ನು ಕಂಡು ಹೇಳುತ್ತೇನೆ. ಆದುದರಿಂದ ಊರಿಗೊಂದು ಯಾತಕ್ಕೆಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಿದೆ: ನಕ್ಷೆಯಲ್ಲಿ ಸ್ವಲ್ಪವಾಗಿ ತೋರುವ ದೂರವು ಹುಡುಗಿಯ ಬಾಳಿನಲ್ಲಿ ಸ್ವಲ್ಪವಲ್ಲ.

ಆದರೆ ಬಾಗಿಲು ದೊಡ್ಡದಾದರೆ ಸಾಲದು, ಒಳಗೆ ದೀಪವಿರಬೇಕು. ನಾವು ಈಗ ವಿಶ್ವವಿದ್ಯಾಲಯದ ಮುಖ್ಯಸ್ಥರನ್ನು ಕುಲಪತಿಗಳೆಂದು ಕರೆಯುತ್ತೇವೆ. ಸಂಸ್ಕೃತದಲ್ಲಿ ಆ ಪದದ ಪ್ರಾಚೀನ ಲಕ್ಷಣವೇನೆಂದರೆ, ಹತ್ತು ಸಾವಿರ ಶಿಷ್ಯರಿಗೆ ಅನ್ನವಿಕ್ಕಿ ಓದಿಸುವವನು ಎಂದು. ಅನ್ನವು ಮೊದಲು, ಓದು ಆಮೇಲೆ. ಹೆಸರನ್ನು ತೆಗೆದುಕೊಂಡು ಲಕ್ಷಣವನ್ನು ಬಿಟ್ಟರೆ ಪದವು ಬರಿದಾಗುವದು. ನೆಲ, ಹಣ, ಅಧ್ಯಾಪಕರು ಇಲ್ಲವೆಂಬದು 2025ರಲ್ಲಿ ಮುಚ್ಚಲಿಕ್ಕೆ ಕಾರಣವಾಗುವದಾದರೆ, ಅದೇ ಮಾತು 2022ರಲ್ಲಿ ತೆರೆಯುವಾಗಲೂ ಪ್ರಶ್ನೆಯಾಗಬೇಕಾಗಿತ್ತು. ತೆರೆದವರು ಅದನ್ನು ತುಂಬಿಕೊಡಲಿಲ್ಲ. ಆಮೇಲೆ ಬಂದವರು ತುಂಬಿಕೊಡುವದನ್ನು ಬಿಟ್ಟು ಕೊರತೆಯನ್ನೇ ಅಪರಾಧವೆಂದು ಎಣಿಸಿದರು. ತೊಟ್ಟಿಲ ಮಗುವಿಗೆ ಹಾಲು ಕೊಡದೆ ಇದಕ್ಕೆ ಮೈ ಹತ್ತಲಿಲ್ಲವೆಂದು ದೂರಿದ ಹಾಗೆ ಇದು.

ರಾಜ್ಯಾಧಿಕಾರಕ್ಕೂ ವಿದ್ಯೆಗೂ ಇರುವ ಈ ಬಿಕ್ಕಟ್ಟು ಹೊಸದಲ್ಲ. ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನದಲ್ಲಿ ಮಯೂರಶರ್ಮನ ಕಥೆಯಿದೆ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ಆ ವಿದ್ಯಾರ್ಥಿಯು, ಪಲ್ಲವರ ಒಬ್ಬ ಕುದುರೆಯಾಳಿನಿಂದ ಕಲಹಕ್ಕೀಡಾಗಿ, ಎಷ್ಟು ಶ್ರಮಪಟ್ಟು ಓದಿದರೂ ಓದಿನ ಸಿದ್ಧಿಯು ಅರಸನ ಕೈಯಲ್ಲಿರುವದಲ್ಲಾ ಎಂದು ಕೊರಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದನು. ಕದಂಬರಾಜ್ಯದ ಹುಟ್ಟಿಗೆ ಇದು ಕಾರಣವಾಯಿತೆಂದು ನಾವು ಹಿಗ್ಗುತ್ತೇವೆ. ಆದರೆ ಒಬ್ಬ ವಿದ್ವಾಂಸನನ್ನು ನಾವು ಅಲ್ಲಿ ಕಳಕೊಂಡೆವೆಂಬದನ್ನು ಯಾರೂ ಎಣಿಸುವದಿಲ್ಲ.

ವಿಜ್ಞಾನದ ವಿಷಯದಲ್ಲಿ ಈ ಮಾತು ಇನ್ನೂ ಬಿಗಿಯಾಗಿ ಅನ್ವಯಿಸುವದು. ಏಕೆಂದರೆ ಶಾಸ್ತ್ರಪಾಠವು ಮರದ ನೆರಳಿನಲ್ಲಿಯಾದರೂ ನಡೆದೀತು, ರಸಾಯನದ ಪ್ರಯೋಗವು ನಡೆಯದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯು 1909ರಲ್ಲಿ ಹುಟ್ಟುವದಕ್ಕೆ ಜಮಶೇಟಜಿ ಟಾಟಾ ಅವರು ತಮ್ಮ ಮುಂಬಯಿಯ ಆಸ್ತಿಗಳ ಉತ್ಪನ್ನವನ್ನು ಕೊಟ್ಟರು. ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ಕೊಟ್ಟಿತು. ಇದು ಸಾಲೋಟಗಿಯ ಕ್ರಮವೇ. ಅಂಥ ಸಂಸ್ಥೆಯಲ್ಲಿಯೂ, 1933ರಲ್ಲಿ ನಿರ್ದೇಶಕರಾಗಿ ಬಂದ ಸಿ. ವಿ. ರಾಮನ್ನರು ವಿಚಾರಣಾಸಮಿತಿಗಳ ಹಾಗೂ ಆಡಳಿತಮಂಡಲದ ಒತ್ತಾಯದಿಂದ 1937ರಲ್ಲಿ ಆ ಪದವಿಯನ್ನು ಬಿಡಬೇಕಾಯಿತು. ಮುಂದೆ 1948ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿದಾಗ ಅವರು ಖಾಸಗಿ ದೇಣಿಗೆಗಳನ್ನೇ ನಂಬಿದರು.

ದೂರದೇಶದ ಒಂದು ನಿದರ್ಶನವೂ ಇದನ್ನೇ ಹೇಳುವದು. 2025ರ ಏಪ್ರಿಲ್‌ದಲ್ಲಿ ಅಮೇರಿಕೆಯ ಸರಕಾರವು ಹಾರ್ವರ್ಡ್ ವಿಶ್ವವಿದ್ಯಾಲಯದ ಆಡಳಿತ, ನೇಮಕ, ಪ್ರವೇಶಗಳ ವಿಷಯದಲ್ಲಿ ಹಲವು ಬೇಡಿಕೆಗಳನ್ನಿಟ್ಟಿತು. ಹಾರ್ವರ್ಡ್ ಒಪ್ಪದಿರಲು, ಸಂಶೋಧನೆಗೆ ಸಲ್ಲಬೇಕಾದ 200 ಕೋಟಿ ಡಾಲರುಗಳಿಗೂ ಮೀರಿದ ಅನುದಾನವನ್ನು ತಡೆಹಿಡಿಯಿತು. ಅದೇ ವರುಷದ ಸಪ್ಟಂಬರದಲ್ಲಿ ಅಲ್ಲಿಯ ಒಂದು ನ್ಯಾಯಾಲಯವು ಆ ತಡೆಯನ್ನು ಕಾನೂನುಬಾಹಿರವೆಂದಿತು. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಒಲ್ಲೆನೆಂದು ಹೇಳುವ ಧೈರ್ಯವು ಹಾರ್ವರ್ಡಿಗೆ ಬಂದದ್ದು, 1636ರಿಂದ ಕೂಡುತ್ತ ಬಂದ ಮೂಲಧನವು ಅದರ ಬೆನ್ನಿಗಿದ್ದದರಿಂದ. ಹಗೇವಿನಲ್ಲಿ ಜೋಳವಿದ್ದವನು ಸಾಹುಕಾರನಿಗೆ ಎದುರು ಮಾತನಾಡಬಲ್ಲನು. ಅಂದಿನ ಕೂಳು ಅಂದಿಗೇ ಬೇಡಿ ತರುವವನು ಆಡಲಾರನು.

ಇಲ್ಲಿ ಒಂದು ಆಕ್ಷೇಪವು ಬರಬಹುದು. "ಪ್ರಜೆಗಳು ಕೊಟ್ಟ ತೆರಿಗೆಗೆ ಪ್ರಜಾಪ್ರತಿನಿಧಿಗಳು ಲೆಕ್ಕ ಕೇಳಬಾರದೇ? ವಿಶ್ವವಿದ್ಯಾಲಯವೇನು ಪ್ರಶ್ನಾತೀತವೇ?" ಎಂದು. ಆಕ್ಷೇಪವು ನ್ಯಾಯವಾದದ್ದು. ಲೆಕ್ಕ ಕೇಳಲೇಬೇಕು, ಸೋಮಾರಿಯಾದ ಅಧ್ಯಾಪಕನನ್ನೂ, ಹಣ ಪೋಲುಮಾಡುವ ಕುಲಪತಿಯನ್ನೂ ಪ್ರಶ್ನಿಸಲೇಬೇಕು. ಆದರೆ ಲೆಕ್ಕ ಕೇಳುವದು ಬೇರೆ, ಇಂದು ಇರು ನಾಳೆ ಬೇಡವೆಂದು ಹೇಳುವದು ಬೇರೆ. ಒಂದು ಸಂಶೋಧನೆಯು ಫಲಕ್ಕೆ ಬರಲು ಹತ್ತು ವರುಷ ಬೇಕಾಗುವದು. ಚುನಾವಣೆಯು ಐದು ವರುಷಕ್ಕೊಮ್ಮೆ ಬರುವದು. ಮಾವಿನ ಸಸಿ ನೆಟ್ಟು ಪ್ರತಿ ಸುಗ್ಗಿಗೂ ಬೇರು ಕಿತ್ತು ನೋಡಿದರೆ ಹಣ್ಣಿನ ಮಾತೆಲ್ಲಿ?

ಇನ್ನು ನಮ್ಮ ತಪ್ಪಿಗೆ ಬರೋಣ. ಪುಣೆಯಲ್ಲಿ 1916ರಲ್ಲಿ ಹುಟ್ಟಿದ ಒಂದು ಮಹಾವಿದ್ಯಾಲಯವು ಇಂದಿಗೂ ಸರ್ ಪರಶುರಾಮಭಾವು ಅವರ ಹೆಸರಿನಲ್ಲಿ ನಡೆದಿದೆ. ಆ ಹೆಸರು ಜಮಖಂಡಿಯ ಪಟವರ್ಧನ ಸಂಸ್ಥಾನಿಕರದು. ದೇಣಿಗೆಯೂ ಅವರ ಮನೆತನದ್ದೇ. ಜಮಖಂಡಿಯ ಮಣ್ಣಿನಲ್ಲಿ ಬೆಳೆದ ಹಣವು ಪುಣೆಯಲ್ಲಿ ಶತಮಾನಕ್ಕೂ ಮಿಕ್ಕಿ ವಿದ್ಯೆಯನ್ನು ಸಾಕಿರುವಾಗ, ಜಮಖಂಡಿಯಲ್ಲಿಯೇ ಒಂದು ವಿದ್ಯಾಲಯವು ಮೂರು ವರುಷ ತುಂಬುವ ಮೊದಲೇ ಹಣವಿಲ್ಲವೆಂಬ ಮಾತನ್ನು ಕೇಳಬೇಕಾಯಿತು. ನಮ್ಮಲ್ಲಿ ಕೊಡುವ ಕೈ ಇರಲಿಲ್ಲವೆಂದಲ್ಲ. ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘವು 1906ರಿಂದ ಶಾಲೆ ಕಾಲೇಜುಗಳನ್ನು ಕಟ್ಟುತ್ತ ಬಂದಿದೆ. ಧಾರವಾಡದ ಕರ್ನಾಟಕ ಕಾಲೇಜಿಗಾಗಿ, 1917ರಲ್ಲಿ ಅದು ತೆರೆಯುವ ಮೊದಲು, ಹಿರಿಯರು ಜನರಿಂದ ವಂತಿಗೆ ಎತ್ತಿದರು. ಆ ಅಭ್ಯಾಸವು ಸರಕಾರವೇ ಎಲ್ಲವನ್ನೂ ಮಾಡಲಿ ಎಂಬ ಮಾತಿನಲ್ಲಿ ಮುಳುಗಿತು. ನಾವು ಕೊಡುವದನ್ನು ಬಿಟ್ಟೆವು. ಅದರೊಡನೆ ಕೇಳುವ ಹಕ್ಕನ್ನೂ ಮರೆತೆವು.

ಕೇಳಬೇಕಾದ ಪ್ರಶ್ನೆಗಳಾದರೂ ಎಷ್ಟಿಲ್ಲ! ಜಮಖಂಡಿ ಮುಧೋಳಗಳ ಕಬ್ಬಿನ ಸೀಮೆಯಲ್ಲಿ ನೀರು ಹೆಚ್ಚಾಗಿ ಎಷ್ಟೋ ಕರಿಮಣ್ಣಿನ ಹೊಲಗಳು ಸವಳಾಗಿವೆ, ಅದಕ್ಕೆ ಮದ್ದೇನು? ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣಗಳ ಬಣ್ಣ ನೂಲುಗಳಲ್ಲಿ ರಸಾಯನಶಾಸ್ತ್ರಕ್ಕೆ ಕೆಲಸವಿಲ್ಲವೇ? ಬಾದಾಮಿಯ ಮರಳುಗಲ್ಲಿನ ಗುಹೆಗಳು ಮಳೆಗಾಳಿಗೆ ಸವೆಯುವದನ್ನು ಅಳೆಯುವವರು ನಮ್ಮೂರ ಹುಡುಗರೇ ಯಾಕಾಗಬಾರದು? 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ದಾಳಿಂಬೆ ದ್ರಾಕ್ಷಿಗಳ ರೈತರು ಹೋಗಿ ಪ್ರಶ್ನೆ ಕೇಳುವರು. ಅಲ್ಲಿ ವಿದ್ಯೆಯೂ ಊರೂ ಒಂದನ್ನೊಂದು ಬಲ್ಲವು. ಜಮಖಂಡಿಯ ವಿಶ್ವವಿದ್ಯಾಲಯಕ್ಕೆ ಅಂಥ ಪ್ರಶ್ನೆಗಳನ್ನು ನಾವು ಒಯ್ದಿದ್ದರೆ, ಅದನ್ನು ಮುಚ್ಚುವ ಮಾತು ಅಷ್ಟು ಸುಲಭವಾಗಿ ಯಾರ ಬಾಯಿಂದಲೂ ಬರುತ್ತಿರಲಿಲ್ಲ.

ನಮ್ಮ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಅಭಿಪ್ರಾಯವುಂಟು: ಹೊಸದಾಗಿ ಕೊಡುವದಕ್ಕಿಂತ, ಹಿಂದಿನವರು ಕೊಟ್ಟದ್ದನ್ನು ಕಾಯುವದೇ ಹೆಚ್ಚಿನದು. ಕಾಯುವವನು ಬೇರೆ ವಂಶದ ಅರಸನಾದರೂ, ಅವನಿಗೆ ಹಗೆಯಾದವನು ಕೊಟ್ಟದ್ದಾದರೂ, ಆ ಮಾತು ಅನ್ವಯಿಸುತ್ತಿತ್ತು. ಪಕ್ಷಕ್ಕೊಂದು ಸರಕಾರ ಬರುವ ಈ ಕಾಲಕ್ಕೆ ಇದಕ್ಕಿಂತ ಹಿತವಾದ ರಾಜನೀತಿಯನ್ನು ನಾನರಿಯೆ. ಆದರೆ ಅರಸರಿಗೆ ಅದನ್ನು ನೆನಪಿಸಿಕೊಡಲು ಕಲ್ಲಿತ್ತು. ಇಂದಿನವರಿಗೆ ನೆನಪಿಸಿಕೊಡಬೇಕಾದವರು ನಾವು. ಬರುವ ವೈಶಾಖದಲ್ಲಿ ನಮ್ಮ ಮನೆಗಳಲ್ಲಿ ಮದುವೆಗಳಾಗುವವು. ಮಂಟಪದ ಹೂವಿಗೂ ವಾದ್ಯಕ್ಕೂ ವೆಚ್ಚವಾಗುವದು. ಅದರಲ್ಲಿ ಒಂದು ಪುಸ್ತಕದ ಬೆಲೆಯಷ್ಟನ್ನು ಸಮೀಪದ ವಿದ್ಯಾಲಯದ ಗ್ರಂಥಾಲಯಕ್ಕೆ ಕಳಿಸಿ, ಒಂದು ದಿವಸ ಹೋಗಿ ಆ ಪುಸ್ತಕವನ್ನು ಯಾರಾದರೂ ಓದಿದರೋ ಎಂದು ವಿಚಾರಿಸಿ ಬರೋಣ. ಸಾಲೋಟಗಿಯವರು ಮಾಡಿದ್ದು ಇಷ್ಟೇ.