ಹದಿನೈದು ಜಿಬಿಯ ಕೀರ್ತಿ

ಪ್ರಕಾಶನವಾಗಲಿ, ಡಿಟಿಪಿ ಅಂಗಡಿಯಾಗಲಿ, ಕಾಲೇಜಿನ ಸ್ಟಾಫ್‌ರೂಮಾಗಲಿ, ಫೈಲಿನ ಮಾತು ಬಂದರೆ ಕರ್ನಾಟಕದಲ್ಲಿ ಕೇಳಿಸುವುದು ಒಂದೇ: ‘ಡ್ರೈವ್‌ಗೆ ಹಾಕಿ, ಲಿಂಕ್ ಕಳಿಸಿ.’ ಯಾವ ಡ್ರೈವ್ ಎಂದು ಯಾರೂ ಕೇಳುವುದಿಲ್ಲ. ಗೂಗಲ್ ಡ್ರೈವ್ 2012ರ ಏಪ್ರಿಲ್‌ನಲ್ಲಿ 5 ಜಿಬಿ ಪುಕ್ಕಟೆ ಜಾಗದೊಡನೆ ಬಂತು. ಮರುವರ್ಷ ಜಿಮೇಲ್ ಮತ್ತು ಫೋಟೊಗಳ ಪಾಲನ್ನೂ ಒಟ್ಟುಗೂಡಿಸಿ ಅದನ್ನು 15 ಜಿಬಿ ಮಾಡಿತು. ಆ ಹದಿನೈದರ ಮೇಲೆ ಕಟ್ಟಿದ ಕೀರ್ತಿ ಇವತ್ತಿಗೂ ಅಲುಗಾಡಿಲ್ಲ. 2021ರ ಜೂನ್ 1ರಿಂದ ಹೊಸ ಫೋಟೊಗಳೆಲ್ಲ ಅದೇ ಹದಿನೈದರಲ್ಲಿ ತುಂಬತೊಡಗಿ, ‘ಜಾಗ ಮುಗಿಯಿತು’ ಎಂಬ ಎಚ್ಚರಿಕೆ ಮನೆಮನೆಗೂ ಬಂದ ಮೇಲೂ ಅಲುಗಾಡಲಿಲ್ಲ.

ಇದಕ್ಕೆ ಕಾರಣರಾದವರಲ್ಲಿ ತಂತ್ರಜ್ಞಾನ ವಿಮರ್ಶಕರದೇ ದೊಡ್ಡ ಪಾಲು. ಕ್ಲೌಡ್ ಸೇವೆಗಳನ್ನು ಹೋಲಿಸುವ ಯಾವ ಬರಹ ತೆಗೆದರೂ ಒಂದು ಕೋಷ್ಟಕ ಇದ್ದೇ ಇರುತ್ತದೆ: ಉಚಿತ ಜಾಗ ಎಷ್ಟು, ತಿಂಗಳ ಬಾಡಿಗೆ ಎಷ್ಟು, ಒಟ್ಟು ಅಂಕ ಎಷ್ಟು. ಹೋಟೆಲಿನ ಊಟದ ಬಗ್ಗೆ ಬರೆಯಲು ಹೋದವನು ಕುರ್ಚಿ ಎಣಿಸಿಕೊಂಡು ಬಂದಂತೆ. ಅದರಲ್ಲೂ ಈ ಜಿಬಿ ಲೆಕ್ಕದಷ್ಟು ನಂಬಿಕೆಗೆಟ್ಟ ಅಳತೆ ಬೇರೊಂದಿಲ್ಲ. ಮೈಕ್ರೋಸಾಫ್ಟ್ ಕಂಪನಿಯು ಆಫೀಸ್ 365 ಚಂದಾದಾರರಿಗೆ ಒನ್‌ಡ್ರೈವ್‌ನಲ್ಲಿ ಮಿತಿಯಿಲ್ಲದ ಜಾಗ ಕೊಡುವೆನೆಂದು ಹೇಳಿ 2015ರಲ್ಲಿ ಮಾತು ವಾಪಸ್ ಪಡೆಯಿತು. ಪುಕ್ಕಟೆಯ 15 ಜಿಬಿಯನ್ನು ಮರುವರ್ಷ 5ಕ್ಕೆ ಇಳಿಸಿತು. ಆಪಲ್‌ನ ಐಕ್ಲೌಡ್ 2011ರಲ್ಲಿ ಕೊಟ್ಟ 5 ಜಿಬಿಯನ್ನು ಅಂದಿನಿಂದ ಒಂದಿಷ್ಟೂ ಬೆಳೆಸಿಲ್ಲ. ಕಂಪನಿಗಳು ಮನಸ್ಸು ಬಂದಂತೆ ಬದಲಿಸುವ ಅಂಕಿಯನ್ನೇ ವಿಮರ್ಶೆಯ ಬೆನ್ನೆಲುಬು ಮಾಡಿಕೊಂಡರೆ ಆ ವಿಮರ್ಶೆ ನಿಲ್ಲುವುದು ಹೇಗೆ?

ಸಿಂಕ್ ಸೇವೆಯೊಂದನ್ನು ನಿಜವಾಗಿ ಪರೀಕ್ಷಿಸುವ ಜಾಗ ಬೇರೆಯೇ ಇದೆ. ಶಿರಸಿಯ ಕಾದಂಬರಿಕಾರರೊಬ್ಬರು, ಬೆಂಗಳೂರಿನ ಸಂಪಾದಕರೊಬ್ಬರು ಒಂದೇ ಫೋಲ್ಡರ್ ಹಂಚಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಮಳೆಗೆ ಶಿರಸಿಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಅವರು ಮೂರನೇ ಅಧ್ಯಾಯ ತಿದ್ದುತ್ತಾರೆ. ಅದೇ ಸಂಜೆ ಸಂಪಾದಕರೂ ಅದೇ ಅಧ್ಯಾಯಕ್ಕೆ ಕೈ ಹಾಕಿರುತ್ತಾರೆ. ಮಾರನೆಯ ದಿನ ನೆಟ್‌ವರ್ಕ್ ಬಂತು. ಈಗ ಒಂದೇ ಹೆಸರಿನ, ಎರಡು ಬೇರೆ ಬೇರೆ ತಿದ್ದುಪಡಿಗಳಿರುವ ಫೈಲುಗಳು ಮುಖಾಮುಖಿಯಾಗಿವೆ. ಸೇವೆ ಏನು ಮಾಡಬೇಕು?

ಡ್ರಾಪ್‌ಬಾಕ್ಸ್ ಎರಡನ್ನೂ ಉಳಿಸುತ್ತದೆ. ಒಂದು ಮೂಲ ಹೆಸರಿನಲ್ಲೇ ಇರುತ್ತದೆ. ಇನ್ನೊಂದರ ಹೆಸರಿಗೆ ಅದು ಯಾರ ಅಥವಾ ಯಾವ ಕಂಪ್ಯೂಟರಿನ ಪ್ರತಿ, ಯಾವ ದಿನದ್ದು ಎಂಬುದು ಅಂಟಿಕೊಳ್ಳುತ್ತದೆ. ಅದು ಬೆಸೆಯಲು ಹೋಗುವುದಿಲ್ಲ, ಯಾರು ಸರಿ ಎಂದು ತೀರ್ಮಾನಿಸುವುದೂ ಇಲ್ಲ. ತನಗೆ ಗೊತ್ತಿರುವಷ್ಟನ್ನು ಹೆಸರಿನಲ್ಲೇ ಬರೆದು ಫೋಲ್ಡರಿನಲ್ಲಿ ಕಣ್ಣಿಗೆ ಬೀಳುವಂತೆ ಇಟ್ಟುಬಿಡುತ್ತದೆ. ನೋಡಲು ಚೆನ್ನಾಗಿಲ್ಲ, ಫೋಲ್ಡರು ಗಲೀಜಾಗುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಆ ಉದ್ದನೆಯ ಹೆಸರನ್ನು ಓದಿದ ಸಂಪಾದಕರಿಗೆ ಫೋನು ಮಾಡಬೇಕಾದ್ದು ಯಾರಿಗೆ ಎಂದು ತಕ್ಷಣ ತಿಳಿಯುತ್ತದೆ. ಒನ್‌ಡ್ರೈವ್ ಕೂಡ ಇದೇ ದಾರಿಯದು. ಕಂಪ್ಯೂಟರಿನ ಹೆಸರನ್ನು ಫೈಲಿನ ಹೆಸರಿಗೆ ಸೇರಿಸುತ್ತದೆ, ದಿನಾಂಕ ಹೇಳುವುದಿಲ್ಲ. ಐಕ್ಲೌಡ್ ಈ ತಗಾದೆಯನ್ನು ಆಯಾ ಆಪ್‌ಗೇ ಒಪ್ಪಿಸಿ ಕೈ ತೊಳೆದುಕೊಳ್ಳುತ್ತದೆ. ಆಪ್ ಬರೆದವರು ಎಚ್ಚರದವರಾಗಿದ್ದರೆ ಯಾವ ಪ್ರತಿ ಬೇಕೆಂದು ಕೇಳುವ ಕಿಟಕಿ ತೆರೆಯುತ್ತದೆ, ಇಲ್ಲವಾದರೆ ಇಲ್ಲ.

ಗೂಗಲ್‌ನ ಉತ್ತರ ಜಾಣತನದ್ದು: ಎರಡು ಪ್ರತಿಗಳೇ ಇರದಂತೆ ನೋಡಿಕೊಳ್ಳುವುದು. ಗೂಗಲ್ ಡಾಕ್ಸ್‌ನಲ್ಲಿ ಇಬ್ಬರೂ ಬ್ರೌಸರಿನಲ್ಲೇ ತಿದ್ದುತ್ತಾರೆ, ಒಬ್ಬರು ಒತ್ತಿದ ಅಕ್ಷರ ಇನ್ನೊಬ್ಬರಿಗೆ ಆ ಕ್ಷಣವೇ ಕಾಣುತ್ತದೆ. ಕೂಡಿ ಬರೆಯಲು ಇಷ್ಟು ಸಲೀಸಾದ ಸಾಧನ ಇನ್ನೊಂದು ಸಿಗುವುದು ಕಷ್ಟ. ಅದನ್ನು ಹೊಗಳಿದವರ ಜೊತೆ ತಕರಾರಿಲ್ಲ. ಆದರೆ ಅದು ಬರೆಯುವ ಸಾಧನ, ಫೈಲುಗಳನ್ನು ಸಿಂಕ್ ಮಾಡುವ ಸಾಧನವಲ್ಲ. ಡೆಸ್ಕ್‌ಟಾಪಿನ ಡ್ರೈವ್ ಫೋಲ್ಡರಿನಲ್ಲಿ ಕಾಣುವ ಆ ಡಾಕ್ಸ್ ಫೈಲಿನೊಳಗೆ ಕಾದಂಬರಿಯ ಒಂದು ಸಾಲೂ ಇರುವುದಿಲ್ಲ. ಇರುವುದು ಗೂಗಲ್‌ನ ಸರ್ವರಿಗೆ ದಾರಿ ತೋರಿಸುವ ವಿಳಾಸ ಮಾತ್ರ. ಇಡೀ ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಇಳಿಸಿ ಕಪಾಟಿನಲ್ಲಿಟ್ಟು ‘ಬ್ಯಾಕಪ್ ಆಯಿತು’ ಎಂದು ನಿಶ್ಚಿಂತರಾದ ಪ್ರಕಾಶಕರು ಒಮ್ಮೆ ನೆಟ್ ತೆಗೆದು ಆ ಫೈಲನ್ನು ತೆರೆದು ನೋಡಬೇಕು.

ಇನ್ನು ವರ್ಡ್, ಇನ್‌ಡಿಸೈನ್, ಫೋಟೊಶಾಪ್ ಫೈಲುಗಳು. ಕನ್ನಡದ ಮುದ್ರಣ ನಡೆಯುವುದು ಇವುಗಳ ಮೇಲೆಯೇ. ಗೂಗಲ್ ಡ್ರೈವ್ ಫೈಲನ್ನು ಗುರುತಿಸುವುದು ಹೆಸರಿನಿಂದಲ್ಲ, ತಾನೇ ಕೊಟ್ಟ ಗುರುತಿನ ಸಂಖ್ಯೆಯಿಂದ. ಹಾಗಾಗಿ ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲುಗಳು ಅಲ್ಲಿ ನಿರಾತಂಕವಾಗಿ ಇರಬಲ್ಲವು. ಅವು ಕಂಪ್ಯೂಟರಿಗೆ ಇಳಿದಾಗ ಒಂದಕ್ಕೆ ಆವರಣದಲ್ಲಿ 1 ಎಂಬ ಅಂಕಿ ಬೀಳುತ್ತದೆ. ಆ ಒಂದು ಯಾರದು, ಯಾವತ್ತಿನದು ಎಂದು ಹೆಸರು ಹೇಳುವುದಿಲ್ಲ. ಹಳೆಯ ಆವೃತ್ತಿಗಳನ್ನು 30 ದಿನ ಇಟ್ಟಿರುತ್ತಾರಲ್ಲ ಎಂಬ ಸಮರ್ಥನೆ ಉಂಟು. ಡ್ರಾಪ್‌ಬಾಕ್ಸ್ ಕೂಡ ಸಾಮಾನ್ಯ ಖಾತೆಗಳಿಗೆ ಅಷ್ಟೇ ದಿನ ಇಡುತ್ತದೆ. ಆದರೆ ಕಳೆದುಹೋಗಿದೆ ಎಂದು ಗೊತ್ತಾದವನು ಮಾತ್ರ ಹಳೆಯದನ್ನು ಹುಡುಕಲು ಹೋಗುತ್ತಾನೆ.

2023ರ ನವೆಂಬರಿನಲ್ಲಿ ಆದದ್ದು ಎಷ್ಟು ಬೇಗ ಮರೆತುಹೋಯಿತು! ಡೆಸ್ಕ್‌ಟಾಪ್ ಆಪ್ ಬಳಸುತ್ತಿದ್ದ ಕೆಲವರ ಡ್ರೈವ್‌ನಲ್ಲಿ ತಿಂಗಳುಗಟ್ಟಲೆಯ ಫೈಲುಗಳು ಕಾಣದಾದವು. ಖಾತೆಯ ಸಂಪರ್ಕ ಕಡಿಯಬೇಡಿ, ಆಪ್‌ನ ಡೇಟಾ ಫೋಲ್ಡರನ್ನು ಅಳಿಸಬೇಡಿ ಎಂದು ಗೂಗಲ್ ಸೂಚನೆ ಕೊಟ್ಟು, ಆಮೇಲೆ ಫೈಲು ಮರಳಿ ಪಡೆಯುವ ವ್ಯವಸ್ಥೆ ಮಾಡಿತು. ತೊಂದರೆಗೆ ಸಿಕ್ಕಿದವರು ಕಡಿಮೆ ಜನ, ನಿಜ. ಆದರೂ ಹೋಲಿಕೆಯ ಬರಹಗಳಲ್ಲಿ ಆ ಪ್ರಸಂಗಕ್ಕೆ ಒಂದು ಸಾಲಿನ ಜಾಗವೂ ಸಿಗುವುದಿಲ್ಲ.

ಸಮತೋಲಕ್ಕಾಗಿ ಡ್ರಾಪ್‌ಬಾಕ್ಸಿನ ಪಾಪಗಳನ್ನೂ ಹೇಳಿಬಿಡಬಹುದು. 2011ರ ಜೂನ್‌ನಲ್ಲಿ ಸುಮಾರು ನಾಲ್ಕು ಗಂಟೆ ಕಾಲ ಯಾವ ಪಾಸ್‌ವರ್ಡ್ ಒತ್ತಿದರೂ ಖಾತೆ ತೆರೆಯುತ್ತಿತ್ತು. 2012ರಲ್ಲಿ ಕಳುವಾದ ಸುಮಾರು 6.8 ಕೋಟಿ ಖಾತೆಗಳ ವಿವರ 2016ರಲ್ಲಿ ಬೆಳಕಿಗೆ ಬಂತು. ಪುಕ್ಕಟೆ ಜಾಗ ಬರೀ 2 ಜಿಬಿ, ಅದೂ 2019ರಿಂದ ಮೂರೇ ಸಾಧನಗಳಿಗೆ. 2016ರಲ್ಲಿ ಜಾನ್ ಹ್ಯೂಸ್, ಬೆಂಜಮಿನ್ ಪಿಯರ್ಸ್ ಮೊದಲಾದ ಸಂಶೋಧಕರು ಸಿಂಕ್ ವ್ಯವಸ್ಥೆಗಳನ್ನು ಗಣಿತದ ಶಿಸ್ತಿನಲ್ಲಿ ಪರೀಕ್ಷಿಸಿ, ಡ್ರಾಪ್‌ಬಾಕ್ಸ್ ಕೆಲವು ಸಂದರ್ಭಗಳಲ್ಲಿ ಅನಿರೀಕ್ಷಿತವಾಗಿ ನಡೆದುಕೊಳ್ಳುತ್ತದೆಂದು ತೋರಿಸಿದರು. ಕಂಪನಿ ಮುಂದೆ ಸಿಂಕ್ ಎಂಜಿನ್ನನ್ನೇ ಹೊಸದಾಗಿ ಬರೆಯಿತು. ಅದನ್ನು ಹೇಗೆ ಪರೀಕ್ಷಿಸಿದೆವೆಂದು 2020ರಲ್ಲಿ ಅದರ ಎಂಜಿನಿಯರುಗಳೇ ವಿವರವಾಗಿ ಬರೆದರು.

‘ಈಗ ಎಲ್ಲ ಸಿಂಕ್ ಎಂಜಿನ್ನುಗಳೂ ಒಂದೇ, ಬೆಲೆಯಷ್ಟೇ ವ್ಯತ್ಯಾಸ’ ಎಂಬುದು ಈ ವಿಮರ್ಶಕರ ಇನ್ನೊಂದು ಹಾಡಿದ್ದೇ ಹಾಡು. 400 ಎಂಬಿಯ ಇನ್‌ಡಿಸೈನ್ ಫೈಲಿನಲ್ಲಿ ಒಂದು ಶೀರ್ಷಿಕೆ ತಿದ್ದಿದವರಿಗೆ ಈ ಮಾತು ಹೇಳಿ ನೋಡಬೇಕು. ಡ್ರಾಪ್‌ಬಾಕ್ಸ್ ಮೊದಲಿನಿಂದಲೂ ಫೈಲನ್ನು 4 ಎಂಬಿಯ ತುಂಡುಗಳಾಗಿ ನೋಡುತ್ತದೆ, ಬದಲಾದ ತುಂಡನ್ನಷ್ಟೇ ಕಳಿಸುತ್ತದೆ. ಒನ್‌ಡ್ರೈವ್ ಬಹುಕಾಲ ಆಫೀಸ್ ಫೈಲುಗಳಿಗೆ ಮಾತ್ರ ಈ ಸವಲತ್ತು ಕೊಟ್ಟಿತ್ತು. ಗೂಗಲ್ ಡ್ರೈವ್‌ಗೆ ಹತ್ತು ವರ್ಷ ಕಳೆದರೂ ಇದು ಒಲಿದಿರಲಿಲ್ಲ. ಊರಿನ ಮೊಬೈಲ್ ಡೇಟಾದಲ್ಲಿ ಪುಟವಿನ್ಯಾಸ ಕಳಿಸುವವರಿಗೆ ಈ ವ್ಯತ್ಯಾಸ ಎಂದರೆ ಅರ್ಧ ದಿನ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರ ಗೋಳು ಯಾವ ಕೋಷ್ಟಕಕ್ಕೂ ಹತ್ತಿಲ್ಲ. ಯೂನಿಕೋಡ್‌ನಲ್ಲಿ ‘ಕೋಲಾರ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕುಗಳು ಬಿಡಿಸಿ ಬರೆಯುತ್ತಿದ್ದವು, ವಿಂಡೋಸ್‌ನಲ್ಲಿ ಟೈಪಿಸಿದ್ದು ಸಾಮಾನ್ಯವಾಗಿ ಕೂಡಿಸಿದ ರೂಪದಲ್ಲೇ ಇರುತ್ತದೆ. ಕಣ್ಣಿಗೆ ಒಂದೇ ಹೆಸರು, ಯಂತ್ರಕ್ಕೆ ಎರಡು. ಜೊತೆಗೆ ಲಿನಕ್ಸ್, ಆಂಡ್ರಾಯ್ಡ್‌ಗಳಲ್ಲಿ ಫೈಲಿನ ಹೆಸರಿಗೆ ಸಾಮಾನ್ಯವಾಗಿ 255 ಬೈಟುಗಳ ಮಿತಿ. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು; ‘ರಾಷ್ಟ್ರ’ ಎಂಬ ಎರಡಕ್ಷರಕ್ಕೇ 21 ಖರ್ಚು. ವಿಂಡೋಸ್ ಹೀಗೆ ಬೈಟು ಎಣಿಸುವುದಿಲ್ಲವಾದ್ದರಿಂದ ಅಲ್ಲಿ ಸಲೀಸಾಗಿ ಇಟ್ಟ ಉದ್ದದ ಹೆಸರು ಫೋನಿಗೆ ಇಳಿಯುವಾಗ ಮುಗ್ಗರಿಸುತ್ತದೆ.

ಈ ಎರಡು ರೂಪಗಳ ಸಮಸ್ಯೆಯನ್ನು ಸರಿಪಡಿಸುವ ಏರ್ಪಾಡನ್ನು ತಾನಾಗಿ ಚಾಲೂ ಇಟ್ಟುಕೊಂಡಿರುವುದು ಸಿಂಕ್‌ಥಿಂಗ್. 2013ರಲ್ಲಿ ಶುರುವಾದ ಈ ಮುಕ್ತ ತಂತ್ರಾಂಶ ಫೈಲನ್ನು ಯಾರ ಸರ್ವರಿನಲ್ಲೂ ಇಡುವುದಿಲ್ಲ, ಒಂದು ಯಂತ್ರದಿಂದ ಇನ್ನೊಂದಕ್ಕೆ ನೇರ ಒಯ್ಯುತ್ತದೆ. ಪ್ರತಿಗಳ ಜಗಳದಲ್ಲಿ ಹಳೆಯದರ ಹೆಸರಿಗೆ ದಿನಾಂಕ, ಗಂಟೆ, ಸಾಧನದ ಗುರುತು ಮೂರನ್ನೂ ಸೇರಿಸುತ್ತದೆ. ಇದರ ಭಕ್ತರು ಮಾತ್ರ ಸ್ವಲ್ಪ ತಗ್ಗಿ ಮಾತಾಡಿದರೆ ಒಳ್ಳೆಯದು. ಎರಡೂ ಯಂತ್ರಗಳು ಏಕಕಾಲಕ್ಕೆ ಚಾಲೂ ಇಲ್ಲದಿದ್ದರೆ ಕೆಲಸ ನಡೆಯದು. ಅಧಿಕೃತ ಆಂಡ್ರಾಯ್ಡ್ ಆಪ್ 2024ರ ಕೊನೆಗೆ ನಿಂತುಹೋಯಿತು. ಐಫೋನಿಗೆ ಅಧಿಕೃತ ಆಪ್ ಬರಲೇ ಇಲ್ಲ.

ಕೂಡಿ ಬರೆಯಲು ಡಾಕ್ಸ್ ಇರಲಿ. ಅಚ್ಚಿಗೆ ಹೋಗುವ ಫೈಲುಗಳಿಗೆ ಡ್ರಾಪ್‌ಬಾಕ್ಸ್ ದುಬಾರಿಯಾದರೂ ಯೋಗ್ಯ. ಸದಾ ಚಾಲೂ ಇರುವ ಕಂಪ್ಯೂಟರೊಂದು ಕಚೇರಿಯಲ್ಲಿದ್ದರೆ ಸಿಂಕ್‌ಥಿಂಗ್ ಸಾಕು. ಮುಂದಿನ ಸಲ ಕೋಷ್ಟಕ ಅಚ್ಚು ಹಾಕುವ ವಿಮರ್ಶಕರು ದಯವಿಟ್ಟು ಎರಡು ಲ್ಯಾಪ್‌ಟಾಪುಗಳ ವೈಫೈ ಆರಿಸಿ, ಕನ್ನಡ ಹೆಸರಿನ ಒಂದೇ ಫೈಲನ್ನು ಎರಡರಲ್ಲೂ ತಿದ್ದಿ, ಮತ್ತೆ ವೈಫೈ ಹಾಕಿ, ಫೋಲ್ಡರಿನಲ್ಲಿ ಏನು ಉಳಿಯಿತೆಂದು ಬರೆಯಲಿ.