‘ಜೋರ್ಬಾ’ ಮತ್ತು ‘ಸಂಸ್ಕಾರ’: ಪಂಡಿತ ಪಾಮರರ ಸಖ್ಯ

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (೧೯೬೫) ವಿಚಾರವಾಗಿ ಬರೆದವರಲ್ಲಿ ಅನೇಕರು ಸ್ವೀಡನ್ ದೇಶದ ಬೆರ್ಗ್‌ಮನ್ನನ ‘ಸೆವೆಂತ್ ಸೀಲ್’ ಎಂಬ ಚಲಚ್ಚಿತ್ರವನ್ನು ಸ್ಮರಿಸದೆ ಮುಂದುವರಿಯುವುದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಆ ಚಿತ್ರವನ್ನು ನೋಡಿದುದೇ ಕಾದಂಬರಿಯ ರಚನೆಗೆ ಪ್ರೇರಣೆಯಾಯಿತೆಂದು ಗ್ರಂಥಕರ್ತರೇ ಹೇಳಿರುವುದರಿಂದ ಇದು ಸಹಜವಾದುದೇ. ಅಲ್ಲಿಯೂ ಮಹಾಮಾರಿ, ಇಲ್ಲಿಯೂ ಮಹಾಮಾರಿ. ಅಲ್ಲಿಯೂ ದೇವರ ಮೌನ, ಇಲ್ಲಿಯೂ ದೇವರ ಮೌನ. ಆದರೆ ಪ್ರೇರಣೆ ದೊರೆತ ಕಡೆಯಲ್ಲಿಯೇ ಸಾದೃಶ್ಯವೂ ಇರಬೇಕೆಂಬ ನಿಯಮವಿಲ್ಲ. ವಸ್ತುವಿನ ಅಂಗಾಂಗಗಳನ್ನು ಬಿಡಿಸಿ ನೋಡುವುದಾದರೆ, ೧೯೬೪ರಲ್ಲಿ ಹೊರಬಂದ ‘ಜೋರ್ಬಾ ದ ಗ್ರೀಕ್’ ಎಂಬ ಚಿತ್ರವೇ ‘ಸಂಸ್ಕಾರ’ಕ್ಕೆ ಹೆಚ್ಚು ಹತ್ತಿರದ ನೆಂಟನೆಂದು ತೋರುವುದು. ಒಂದರಿಂದ ಮತ್ತೊಂದು ಹುಟ್ಟಿತೆಂಬುದು ಇಲ್ಲಿನ ವಾದವಲ್ಲ. ಒಂದೇ ಪ್ರಶ್ನೆಗೆ ಎರಡು ನಾಡುಗಳು ಕೊಟ್ಟ ಉತ್ತರಗಳು ಹೇಗೆ ಬೇರೆಯಾದುವೆಂಬುದೇ ವಿಚಾರಣೀಯವಾದ ವಿಷಯ.

ಸೈಪ್ರಸ್ ದ್ವೀಪದವರಾದ ಮೈಕೇಲ್ ಕಕೊಯಾನಿಸ್ ಎಂಬವರು ನಿಕೋಸ್ ಕಜಾಂಟ್ಜಾಕಿಸನ ೧೯೪೬ರ ಕಾದಂಬರಿಯನ್ನು ಆಧಾರವಾಗಿಟ್ಟುಕೊಂಡು ಆ ಚಿತ್ರವನ್ನು ಕ್ರೀಟ್ ದ್ವೀಪದಲ್ಲಿ ತೆಗೆದರು. ತಂದೆಯಿಂದ ಬಂದ ಕಲ್ಲಿದ್ದಲಿನ ಗಣಿಯನ್ನು ನೋಡಿಕೊಳ್ಳಲು ಬೇಸಿಲ್ ಎಂಬ ತರುಣ ಬರಹಗಾರನು ಇಂಗ್ಲೆಂಡಿನಿಂದ ಪುಸ್ತಕಗಳ ಪೆಟ್ಟಿಗೆಯೊಡನೆ ಬರುವನು. ದಾರಿಯಲ್ಲಿ, ಬಂದರಿನಲ್ಲಿ, ಜೋರ್ಬಾ ಎಂಬ ವೃದ್ಧ ಕೂಲಿಯು ಅವನನ್ನು ಅಂಟಿಕೊಳ್ಳುವನು. ಆಲನ್ ಬೇಟ್ಸ್, ಆಂಟನಿ ಕ್ವಿನ್ ಇವರು ಈ ಎರಡು ಪಾತ್ರಗಳನ್ನು ವಹಿಸಿದ್ದಾರೆ. ಚಿತ್ರಕ್ಕೆ ಮೂರು ಆಸ್ಕರ್ ಪಾರಿತೋಷಕಗಳು ಬಂದುವು. ಅವುಗಳಲ್ಲಿ ಒಂದು ಓರ್ತಾನ್ಸ್ ಎಂಬ ಮುದಿ ಫ್ರೆಂಚ್ ಹೆಂಗಸಿನ ಪಾತ್ರವನ್ನಾಡಿದ ಲೀಲಾ ಕೆದ್ರೋವಾ ಅವರದು, ಇನ್ನೊಂದು ಛಾಯಾಗ್ರಾಹಕ ವಾಲ್ಟರ್ ಲಾಸಲಿಯದು. ಕನ್ನಡದ ಚಿತ್ರವು ೧೯೭೦ನೆಯ ಇಸವಿಯದು. ಪಟ್ಟಾಭಿರಾಮ ರೆಡ್ಡಿಯವರು ಅದರ ನಿರ್ದೇಶಕರು, ಚಿತ್ರಕಥೆಯನ್ನು ಬರೆದವರೂ ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದವರೂ ಗಿರೀಶ ಕಾರ್ನಾಡರು, ನಾರಣಪ್ಪನಾಗಿ ಪಿ. ಲಂಕೇಶರೂ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿಯವರೂ ಕಾಣಿಸಿಕೊಂಡರು. ಮದರಾಸಿನ ಸೆನ್ಸಾರು ಮಂಡಲಿಯು ಮೊದಲು ಅನುಮತಿಯನ್ನು ನಿರಾಕರಿಸಿದ ಈ ಚಿತ್ರವೇ ಮುಂದೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಕನ್ನಡಕ್ಕೆ ಆ ಗೌರವವು ಬಂದುದು ಅದೇ ಮೊದಲು. ಇದರ ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವನು. ಲಾಸಲಿಯೂ ಗ್ರೀಕನಲ್ಲ, ಬರ್ಲಿನ್ನಿನಲ್ಲಿ ಹುಟ್ಟಿದವನು. ಎರಡು ಹಳ್ಳಿಗಳನ್ನೂ ಕಪ್ಪುಬಿಳುಪಿನಲ್ಲಿ ಹಿಡಿದ ಕಣ್ಣುಗಳು ಹೊರಗಿನವು; ಸ್ವಂತದವನು ನಾಚಿ ಬಿಟ್ಟುಬಿಡಬಹುದಾದುದನ್ನು ಅವು ಬಿಡಲಿಲ್ಲ.

ಬೆಂಗಳೂರಿನ ಉತ್ತರಕ್ಕೆ ದೊಡ್ಡಬಳ್ಳಾಪುರದ ಮಾರ್ಗದಲ್ಲಿರುವ ರಾಜಾನುಕುಂಟೆಯಂತಹ ಬಯಲುಸೀಮೆಯ ಊರಿನ ಪ್ರೇಕ್ಷಕನಿಗೆ ಕ್ರೀಟಿನ ಕಡಲದಂಡೆ ಎಷ್ಟು ದೂರವೋ ಮಲೆನಾಡಿನ ಮಾಧ್ವ ಅಗ್ರಹಾರವೂ ಹೆಚ್ಚು ಕಡಿಮೆ ಅಷ್ಟೇ ದೂರ. ದೂರ್ವಾಸಪುರದವರ ಮಡಿಮೈಲಿಗೆಯ ಸೂಕ್ಷ್ಮಗಳು ಅವನಿಗೆ ತಿಳಿಯಲಾರವು. ಆದರೂ ಈ ಎರಡು ಕಥೆಗಳು ನಿಂತಿರುವ ನೆಲಗಟ್ಟು ಅವನಿಗೆ ಯಾರೂ ಹೇಳಿಕೊಡದೆಯೇ ತಿಳಿದಿರುವಂತಹುದು: ಸತ್ತವನ ಹೆಣಕ್ಕೆ ಊರು ಹೆಗಲು ಕೊಡುವುದೋ ಇಲ್ಲವೋ ಎಂಬುದು. ಬದುಕಿರುವಾಗಿನ ಜಗಳಗಳೆಲ್ಲ ಹೆಣದ ಮುಂದೆ ಮುಗಿಯಬೇಕೆಂಬುದು ಹಳ್ಳಿಯ ಧರ್ಮ. ಮುಗಿಯದೆ ಉಳಿದರೆ ಆ ಊರಿನಲ್ಲಿ ಏನೋ ಕೆಟ್ಟಿದೆಯೆಂದೇ ಅರ್ಥ.

ಈ ಒಂದು ಸಂದರ್ಭದಲ್ಲಿ ಎರಡು ಚಿತ್ರಗಳ ಹೋಲಿಕೆಯು ಆಶ್ಚರ್ಯಕರವಾಗಿದೆ. ಓರ್ತಾನ್ಸಳು ಮಂಚದ ಮೇಲೆ ಇನ್ನೂ ಉಸಿರಾಡುತ್ತಿರುವಾಗಲೇ ಕಪ್ಪುಡುಗೆಯ ಮುದುಕಿಯರು ಅವಳ ಕೋಣೆಯೊಳಕ್ಕೆ ನುಸುಳಿ ಕಾದು ಕುಳಿತುಕೊಳ್ಳುವರು. ಪ್ರಾಣ ಹೋದೊಡನೆ ಊರಿಗೆ ಊರೇ ನುಗ್ಗಿ ಹಾಸಿಗೆ, ಪರದೆ, ಪಾತ್ರೆ, ಬಟ್ಟೆಗಳನ್ನೆಲ್ಲ ದೋಚಿಕೊಂಡು ಹೋಗುವುದು. ಬರಿದಾದ ಗೋಡೆಗಳ ನಡುವೆ ಉಳಿಯುವುದು ಅವಳ ಹೆಣ, ಪಂಜರದಲ್ಲಿ ಅವಳ ಗಿಳಿ. ಅವಳಿಗೆ ಉತ್ತರಕ್ರಿಯೆಯೂ ಇಲ್ಲ. ಏಕೆಂದರೆ ಅವಳು ಪರದೇಶದವಳು, ಶಿಲುಬೆಯ ಗುರುತನ್ನು ಮಾಡಿಕೊಳ್ಳುತ್ತಿದ್ದುದು ನಾಲ್ಕು ಬೆರಳುಗಳಿಂದ. ಬೆರಳಿನ ಲೆಕ್ಕದಲ್ಲಿ ಹೆಣವೊಂದು ಪಾದ್ರಿಯ ಮಂತ್ರವನ್ನು ಕಳೆದುಕೊಂಡಿತು. ದೂರ್ವಾಸಪುರದಲ್ಲಿ ನಾರಣಪ್ಪನು ಸತ್ತಾಗ, ಮದ್ಯಮಾಂಸಗಳನ್ನು ಸೇವಿಸಿ ಚಂದ್ರಿಯೊಡನೆ ಬಾಳಿದವನಿಗೆ ಯಾರು ಬೆಂಕಿಯಿಡಬೇಕೆಂಬ ಪ್ರಶ್ನೆಯು ಹುಟ್ಟುವುದು. ಅವನು ಬ್ರಾಹ್ಮಣ್ಯವನ್ನು ಬಿಟ್ಟನೇ ಹೊರತು ಬ್ರಾಹ್ಮಣ್ಯವು ಅವನನ್ನು ಬಿಡಲಿಲ್ಲ. ಬಹಿಷ್ಕಾರವಾಗದೆ ಸತ್ತವನನ್ನು ಅನ್ಯರು ಮುಟ್ಟುವಂತಿಲ್ಲ, ತಮ್ಮವರು ಮುಟ್ಟಲೊಲ್ಲರು. ಖರ್ಚಿಗೆಂದು ಚಂದ್ರಿಯು ಮೈಮೇಲಿನ ಒಡವೆಗಳನ್ನು ತೆಗೆದಿಟ್ಟ ಕ್ಷಣದಲ್ಲಿ ಅದುವರೆಗೆ ಹಿಂಜರಿದವರಿಗೆಲ್ಲ ಶವಸಂಸ್ಕಾರದಲ್ಲಿ ಆಸಕ್ತಿ ಮೂಡುವುದು. ಕ್ರೀಟಿನ ಮುದುಕಿಯರು ಕಾಯ್ದುದು ಪರದೆ ಪಾತ್ರೆಗಳಿಗಾಗಿ, ಇಲ್ಲಿನವರು ಕಾಯ್ದುದು ಚಿನ್ನಕ್ಕಾಗಿ. ವ್ಯತ್ಯಾಸವಿರುವುದು ಒಂದೇ: ಅಲ್ಲಿನ ಬಡತನವು ಬಾಗಿಲನ್ನು ಒಡೆದು ಒಳನುಗ್ಗಿತು, ಇಲ್ಲಿನ ಬಡತನವು ಶಾಸ್ತ್ರದ ಅಪ್ಪಣೆಗಾಗಿ ಜಗುಲಿಯ ಮೇಲೆ ಕುಳಿತಿತು. ಯಾವುದು ಹೆಚ್ಚು ಕ್ರೂರವೆಂದು ನಿರ್ಣಯಿಸುವುದು ಸುಲಭವಲ್ಲ. ಬಾಗಿಲನ್ನು ಒಡೆದವರಲ್ಲಿ ಸೋಗಾದರೂ ಇರಲಿಲ್ಲ.

ಪಂಡಿತನ ಪರೀಕ್ಷೆಯೂ ಇಲ್ಲಿಯೇ. ಪ್ರಾಣೇಶಾಚಾರ್ಯರು ಕಾಶಿಯಲ್ಲಿ ಓದಿ ಬಂದ ವೇದಾಂತ ಶಿರೋಮಣಿಗಳು. ತಾಳೆಗರಿಗಳನ್ನೆಲ್ಲ ತಿರುವಿದರೂ ಉತ್ತರವು ದೊರೆಯುವುದಿಲ್ಲ. ಮಾರುತಿಯ ಗುಡಿಯಲ್ಲಿ ಹೂವಿನ ಪ್ರಸಾದಕ್ಕಾಗಿ ದಿನವಿಡೀ ಕಾದರೂ ದೇವರು ಎಡಕ್ಕೂ ಕೊಡುವುದಿಲ್ಲ, ಬಲಕ್ಕೂ ಕೊಡುವುದಿಲ್ಲ. ಬೇಸಿಲನ ಪೆಟ್ಟಿಗೆಯ ಪುಸ್ತಕಗಳೂ ಇದೇ ಜಾತಿಯವು. ಸಾವೇಕೆಂದು ಜೋರ್ಬಾ ಕೇಳಿದಾಗ, ಆ ಪ್ರಶ್ನೆಗೆ ಉತ್ತರಿಸಲಾರದವರ ಸಂಕಟವನ್ನು ಮಾತ್ರ ತನ್ನ ಪುಸ್ತಕಗಳು ಹೇಳುತ್ತವೆಯೆಂದು ಅವನು ಒಪ್ಪಿಕೊಳ್ಳುವನು. ಆಕ್ಸ್‌ಫರ್ಡಿನಿಂದ ಮರಳಿದ ಕಾರ್ನಾಡರು ಕಾಶಿಯಿಂದ ಮರಳಿದ ಆಚಾರ್ಯರ ವೇಷವನ್ನು ಹಾಕಿದರೆಂಬುದು ಕೇವಲ ಆಕಸ್ಮಿಕವಲ್ಲ. ಹೊರಗೆ ಓದಿ ಬಂದವನು ಹುಟ್ಟಿದ ನೆಲದ ಮೇಲೆ ನಿಲ್ಲಲು ಕಾಲನ್ನು ಹುಡುಕುವುದೇ ಎರಡೂ ಕೃತಿಗಳ ಒಳಗಿನ ಕಥೆ.

ಆ ಕಾಲನ್ನು ಕೊಡುವವನು ಗೆಳೆಯನು. ಜೋರ್ಬಾನ ಮಾತನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಸಂತೂರನ್ನು ಬಟ್ಟೆಯಲ್ಲಿ ಸುತ್ತಿ ಹೊತ್ತು, ಯಜಮಾನನೆಂದೇ ತರುಣನನ್ನು ಕರೆಯುತ್ತ, ಅವನ ಹಣವನ್ನು ಖರ್ಚುಮಾಡಿ, ಕೊನೆಗೆ ಮರ ಸಾಗಿಸುವ ತಂತಿಯ ದಾರಿಯನ್ನು ಕಟ್ಟಿ ಅದನ್ನು ಕಣ್ಣೆದುರಿಗೇ ಕುಸಿಯಗೊಡುವ ಈ ಮನುಷ್ಯನು ಲೋಕಪ್ರಸಿದ್ಧನು. ಪುಟ್ಟನು ಅಷ್ಟು ಪ್ರಸಿದ್ಧನಲ್ಲ. ವಿಮರ್ಶಕರು ಸಾಮಾನ್ಯವಾಗಿ ಅವನನ್ನು ವಾಚಾಳಿಯೆಂದು ಒಂದು ಸಾಲಿನಲ್ಲಿ ಮುಗಿಸಿಬಿಡುವರು. ಅವನ ವಿಷಯಕ್ಕೆ ಇಲ್ಲಿ ಕಾದಂಬರಿಯ ಪಾಠವನ್ನೇ ಹಿಡಿಯಲಾಗಿದೆ. ಹೆಂಡತಿಯನ್ನು ಕಳೆದುಕೊಂಡು, ಅಗ್ರಹಾರವನ್ನು ಬಿಟ್ಟು, ಗೊತ್ತುಗುರಿಯಿಲ್ಲದೆ ಕಾಡಿನ ದಾರಿಯಲ್ಲಿ ನಡೆಯುತ್ತಿರುವ ಆಚಾರ್ಯರ ಬೆನ್ನಿಗೆ ಮಾಲೇರರ ಪುಟ್ಟನು ಬೀಳುವನು. ಒಗಟುಗಳನ್ನು ಹಾಕುವನು, ತನ್ನ ಸಂಸಾರದ ಸಂಗತಿಗಳನ್ನು ಹೇಳಿಕೊಳ್ಳುವನು, ಮೇಳಿಗೆಯ ತೇರಿಗೆ ಕರೆದೊಯ್ಯುವನು, ಕೋಳಿ ಅಂಕವನ್ನು ತೋರಿಸುವನು. ಕೈಯಲ್ಲಿ ಕಾಸಿಲ್ಲವೆಂದು ತಿಳಿದಾಗ ಉಂಗುರವನ್ನು ಮಾರಿಸಿಕೊಡುವನು. ಇಷ್ಟನ್ನೂ ಅವನು ಮಾಡುವುದು ಹೆಸರು ತಿಳಿಯದ ಒಬ್ಬ ಬ್ರಾಹ್ಮಣನಿಗಾಗಿ. ಜೋರ್ಬಾನಿಗೆ ಸಂಬಳವಾದರೂ ಇತ್ತು. ಪುಟ್ಟನ ಸ್ನೇಹಕ್ಕೆ ಕಾರಣವೇ ಇಲ್ಲ. ದಾರಿಯಲ್ಲಿ ಒಬ್ಬನು ಒಂಟಿಯಾಗಿ ನಡೆಯುತ್ತಿದ್ದನು, ಅಷ್ಟೆ.

ಆಚಾರ್ಯರು ಮಾತ್ರ ತಾವಾರೆಂಬುದನ್ನು ಕೊನೆಯವರೆಗೂ ಮರೆಸಿಕೊಳ್ಳುವರು. ಪುಟ್ಟನು ಕೈಹಿಡಿದುದು ಅಲ್ಲಿ ಇಲ್ಲದ ಮನುಷ್ಯನನ್ನು. ದೇವಸ್ಥಾನದ ಊಟದ ಪಂಕ್ತಿಯಲ್ಲಿ, ಸೂತಕವಿದ್ದೂ ಕುಳಿತ ಆಚಾರ್ಯರನ್ನು ಯಾರೋ ಗುರುತಿಸಿದಾಗ ಅವರು ಎಲೆಯನ್ನು ಬಿಟ್ಟು ಓಡುವರು. ಊರಿಗೆ ಭಯಪಟ್ಟರೆಂಬುದು ಸರಿ; ಆದರೆ ಅಷ್ಟು ಹೊತ್ತು ಜೊತೆಯಲ್ಲಿದ್ದ ಗೆಳೆಯನಿಗೆ ನಿಜವನ್ನು ಹೇಳಲು ಅಡ್ಡಿಯೇನಿತ್ತು? ಅನಂತಮೂರ್ತಿಯವರು ಆಚಾರ್ಯರ ಅಂತರಂಗವನ್ನು ಬಗೆಬಗೆಯಾಗಿ ಶೋಧಿಸಿರುವರು. ಚಂದ್ರಿ, ನಾರಣಪ್ಪ, ಅಗ್ರಹಾರ, ದೇವರು ಇವರೆಲ್ಲರಿಗೂ ಆಚಾರ್ಯರು ಮನಸ್ಸಿನಲ್ಲಿ ಲೆಕ್ಕ ಒಪ್ಪಿಸುವರು. ಪುಟ್ಟನಿಗೆ ಒಪ್ಪಿಸಬೇಕಾದುದೂ ಒಂದಿದೆಯೆಂದು ಅವರಿಗೆ ಹೊಳೆಯುವುದು ಕಡಮೆ. ಪಾಪದ ವಿಷಯದಲ್ಲಿ ಅಷ್ಟು ಸತ್ಯನಿಷ್ಠವಾದ ಕೃತಿಯು ಸ್ನೇಹದ ವಿಷಯದಲ್ಲಿ ಜಿಪುಣವಾಗಿದೆ.

ಹಾಗಾದರೆ ಉದಾರವಾದ ‘ಜೋರ್ಬಾ’ವೇ ಮೇಲೆನ್ನೋಣವೇ? ಹಾಗೆನ್ನಲು ಒಂದು ಹೆಂಗಸು ಅಡ್ಡಬರುವಳು. ಐರೀನ್ ಪಾಪಾಸ್ ಅಭಿನಯಿಸಿದ ವಿಧವೆಗೆ ಚಿತ್ರದಲ್ಲಿ ಹೆಸರು ಕೂಡ ಇಲ್ಲ. ಅವಳನ್ನು ಬಯಸಿದ ಊರ ಹುಡುಗನು, ಅವಳು ಬೇಸಿಲನೊಡನೆ ಒಂದು ರಾತ್ರಿ ಕಳೆದುದನ್ನು ತಿಳಿದು ಸಮುದ್ರಕ್ಕೆ ಬಿದ್ದು ಸಾಯುವನು. ಆಮೇಲೆ ಇಗರ್ಜಿಯ ಅಂಗಳದಲ್ಲಿ ಊರಿನವರು ಅವಳನ್ನು ಸುತ್ತುಗಟ್ಟುವರು. ಬೇಸಿಲನು ಗುಂಪಿನಾಚೆ ನಿಂತು ಜೋರ್ಬಾನಿಗೆ ಹೇಳಿಕಳುಹಿಸುವನು, ಅಷ್ಟೇ. ಜೋರ್ಬಾ ಬಂದು ಒಬ್ಬನ ಕೈಯಿಂದ ಚೂರಿಯನ್ನು ಕಿತ್ತುಕೊಂಡು ಅವಳನ್ನು ಕರೆದುಕೊಂಡು ಹೊರಟಾಗ, ಸತ್ತ ಹುಡುಗನ ತಂದೆಯು ಅವಳ ಕತ್ತನ್ನು ಕೊಯ್ಯುವನು. ಈ ದೃಶ್ಯವನ್ನು ಕಕೊಯಾನಿಸ್ ನಿರ್ದಾಕ್ಷಿಣ್ಯವಾಗಿ ತೆಗೆದಿರುವರು. ಅದಕ್ಕಿಂತ ಮೇಲಾದ ಘಟ್ಟವು ಚಿತ್ರದಲ್ಲಿಲ್ಲ. ಅದಾದ ಬಳಿಕ ಆ ಕೊಲೆಯ ಭಾರವು ಯಾರ ಹೆಗಲಿನ ಮೇಲೂ ನಿಲ್ಲುವುದಿಲ್ಲ. ತಂತಿಯ ದಾರಿ ಕುಸಿದು ಹಣವೆಲ್ಲ ಹೋಗುವುದು, ಕುರಿಮರಿಯ ಮಾಂಸವನ್ನು ತಿನ್ನುವರು, ಬೇಸಿಲನು ಕುಣಿತವನ್ನು ಕಲಿಸೆಂದು ಕೇಳುವನು, ಥಿಯೊಡೊರಾಕಿಸರ ಸಂಗೀತವು ನಿಧಾನವಾಗಿ ಹೊರಟು ವೇಗವನ್ನು ಪಡೆಯುವುದು. ಕ್ರೀಟಿನ ಪುರಾತನ ನೃತ್ಯವೆಂದು ಪ್ರವಾಸಿಗಳು ಇಂದು ನಂಬಿರುವ ಆ ಕುಣಿತವು ಚಿತ್ರಕ್ಕಾಗಿಯೇ ಕಟ್ಟಿದುದು. ಕಜಾಂಟ್ಜಾಕಿಸನ ಕಾದಂಬರಿಯು ಅಲ್ಲಿಗೆ ಮುಗಿಯದೆ ಗೆಳೆಯರ ಅಗಲಿಕೆಗೂ ಜೋರ್ಬಾನ ಸಾವಿನ ಸುದ್ದಿಗೂ ಮುಂದುವರಿಯುವುದು. ಚಿತ್ರವು ಕುಣಿತದಲ್ಲಿಯೇ ನಿಲ್ಲುವುದು. ಕುಣಿತವು ಸೊಗಸಾಗಿದೆ. ಆದರೆ ಬೇಸಿಲನು ಮರೆತುದನ್ನು ಪ್ರೇಕ್ಷಕನೂ ಮರೆಯುವಷ್ಟು ಸೊಗಸಾಗಿದೆ ಎಂಬುದೇ ಅದರ ದೋಷ.

‘ಸಂಸ್ಕಾರ’ವು ತನ್ನ ಪಂಡಿತನನ್ನು ಕುಣಿಯಗೊಡುವುದಿಲ್ಲ. ಚಂದ್ರಿಯೊಡನೆ ಕಳೆದ ರಾತ್ರಿಗೆ ಆಚಾರ್ಯರೇ ಹೊಣೆ. ಆ ಹೊಣೆಯನ್ನು ಗೆಳೆಯನ ನಗುವಿನಲ್ಲಿ ಕರಗಿಸುವ ಉಪಾಯವು ಅವರಿಗಿಲ್ಲ. ಇಲ್ಲಿ ಕನ್ನಡದ ಕೃತಿಯು ನಿಸ್ಸಂದೇಹವಾಗಿ ಮೇಲು. ಹೆಂಗಸಿನ ವಿಷಯದಲ್ಲಿಯೂ ಅದು ಒಂದು ಹೆಜ್ಜೆ ಮುಂದಿದೆ: ಎಲ್ಲರೂ ಶಾಸ್ತ್ರಾರ್ಥದಲ್ಲಿ ತೊಡಗಿರುವಾಗ ಚಂದ್ರಿಯು ಮೀನು ವ್ಯಾಪಾರದ ಅಹಮದ್ ಬ್ಯಾರಿಯನ್ನು ಕರೆದು, ರಾತ್ರಿಯಲ್ಲಿ ಗಾಡಿಯ ಮೇಲೆ ಹೆಣವನ್ನು ಸಾಗಿಸಿ ಸುಟ್ಟುಬಿಡುವಳು. ನಾರಣಪ್ಪನು ಹಿಂದೊಮ್ಮೆ ಮಾಡಿದ ಉಪಕಾರವನ್ನು ನೆನೆದು ಬ್ಯಾರಿಯು ಬಂದನು. ಬ್ರಾಹ್ಮಣನ ಹೆಣಕ್ಕೆ ಹೆಗಲು ಕೊಟ್ಟವರು ಒಬ್ಬ ಸೂಳೆ, ಒಬ್ಬ ಮುಸಲ್ಮಾನ. ಇಡೀ ಕಥೆಯಲ್ಲಿ ಕೊಟ್ಟುದಕ್ಕೆ ಮರಳಿ ಕೊಟ್ಟ ಸ್ನೇಹವೆಂದರೆ ಇದೊಂದೇ. ಕೆಲವೇ ಪುಟಗಳಲ್ಲಿ, ಕತ್ತಲಿನಲ್ಲಿ, ಮಾತಿಲ್ಲದೆ ಅದು ಮುಗಿದುಹೋಗುವುದು. ಅಗ್ರಹಾರಕ್ಕೆ ಅದು ತಿಳಿಯುವುದೂ ಇಲ್ಲ. ಚಂದ್ರಿಯೂ ಅಲ್ಲಿಂದ ಮುಂದೆ ಕಥೆಯಿಂದ ಹೊರಟುಹೋಗುವಳು. ಕೃತಿಯ ಹೆಸರಿಗೆ ಅರ್ಥ ಕೊಟ್ಟವಳು ಕೃತಿಯೊಳಗೆ ಉಳಿಯಲಿಲ್ಲವೆಂಬುದು ಸಣ್ಣ ಕೊರತೆಯಲ್ಲ.

ಕಾದಂಬರಿಯ ಕೊನೆಯಲ್ಲಿ ಆಚಾರ್ಯರು ದೂರ್ವಾಸಪುರಕ್ಕೆ ಮರಳಿ ಎಲ್ಲವನ್ನೂ ಹೇಳಿಬಿಡಲು ನಿಶ್ಚಯಿಸುವರು. ಪುಟ್ಟನು ತಾನೂ ಜೊತೆಗೆ ಬರುವೆನೆನ್ನುವನು. ಅಷ್ಟರಲ್ಲಿ ಗಾಡಿಯೊಂದು ಬರುವುದು. ಅದರಲ್ಲಿ ಒಬ್ಬನಿಗೆ ಮಾತ್ರ ಸ್ಥಳವಿರುವುದು. ಆಚಾರ್ಯರು ಹತ್ತಿ ಕುಳಿತುಕೊಳ್ಳುವರು. ಗಾಡಿಯಲ್ಲಿ ಇನ್ನೊಬ್ಬನಿಗೂ ಸ್ಥಳವಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಕನ್ನಡದ ಕಥೆಯು ವಿಚಾರಿಸಲಿಲ್ಲ. ಪುಟ್ಟನು ನಾಳೆ ಬರುವೆನೆಂದು ಹೇಳಿ ದಾರಿಯಲ್ಲಿಯೇ ನಿಲ್ಲುವನು.